ಕಾಯುವ ಕೆಲಸ

ಹಡಗು ಹತ್ತಿ ಇಷ್ಟು ದಿನವಾದರೂ ಸೈರನ್ನಣ್ಣನಿಗೆ ಒಂದು ಕಡೆ ಕೂರಲು ಬಂದಿರಲಿಲ್ಲ. ಊಟದ ಕೋಣೆಯಲ್ಲಿ ಕೂತರೆ ಕಿಟಕಿಯ ಹತ್ತಿರ ಹೋಗಬೇಕೆನಿಸುತ್ತಿತ್ತು. ಕಿಟಕಿಯ ಹತ್ತಿರ ನಿಂತರೆ ಡೆಕ್ಕಿಗೆ ಹೋಗಬೇಕೆನಿಸುತ್ತಿತ್ತು. ಡೆಕ್ಕಿನಲ್ಲಿ ಗಾಳಿ ಕಿವಿ ಕಚ್ಚುತ್ತಿತ್ತು, ಮತ್ತೆ ಒಳಗೆ. ಹಡಗು ವಾಲಿದಾಗಲೆಲ್ಲ ಅವನ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತುತ್ತಿತ್ತು, ಅಲ್ಲೊಂದು ಬ್ರೇಕು ಇದೆಯೇನೋ ಎಂಬಂತೆ.

ಆಯಸ್ಸೆಲ್ಲ ಆಂಬುಲೆನ್ಸ್ ಓಡಿಸಿದ ಕಾಲು ಅದು. ನಿವೃತ್ತನಾದ ಮೇಲೂ ಒಲೆಯ ಮೇಲೆ ಹಾಲು ಉಕ್ಕಿದರೆ ಯಾರದೋ ಜೀವ ಹೋಗುತ್ತಿದೆ ಎಂಬಂತೆ ಓಡುತ್ತಿದ್ದ. ಬಡಾವಣೆಯವರು ಅವನಿಗೆ ಸೈರನ್ ಎಂದು ಹೆಸರಿಟ್ಟರು. ಚಿಕ್ಕವರು ಮರ್ಯಾದೆಗೆ ಒಂದು ಅಣ್ಣ ಸೇರಿಸಿದರು. ಅದೇ ಖಾಯಂ ಆಯಿತು.

ಅವನು ದ್ವೀಪ ನೋಡಲು ಬಂದವನೇ ಅಲ್ಲ, ಮಗಳನ್ನು ಮನೆಗೆ ಕರೆದುಕೊಂಡು ಹೋಗಲು ಬಂದವನು. ಈ ಸಣ್ಣ ಹಡಗಿನಲ್ಲಿ ಬರುವ ಪ್ರವಾಸಿಗರಿಗೆಲ್ಲ ಮಗಳೇ ಮುಂದಾಳು. ಜನವಸತಿ ಇಲ್ಲದ, ಹಡಗು ಕಟ್ಟುವ ಕಟ್ಟೆಯೂ ಇಲ್ಲದ ದ್ವೀಪಗಳ ಗುಂಪೊಂದಕ್ಕೆ ಅವರನ್ನು ಕರೆದೊಯ್ಯುವುದು, ರಬ್ಬರ್ ದೋಣಿಗಳಲ್ಲಿ ದಡಕ್ಕಿಳಿಸಿ ಹಕ್ಕಿಗಳನ್ನೂ ಸೀಲ್ ಪ್ರಾಣಿಗಳನ್ನೂ ತೋರಿಸುವುದು, ಮತ್ತೆ ಹಡಗಿಗೆ ಹತ್ತಿಸುವುದು ಅವಳ ಕೆಲಸ. ವರ್ಷದಲ್ಲಿ ಅರ್ಧ ನೀರಿನ ಮೇಲೆ, ಇನ್ನರ್ಧ ಮುಂದಿನ ಪ್ರಯಾಣದ ತಯಾರಿಯಲ್ಲಿ. ‘ಸಿಬ್ಬಂದಿಯ ಮನೆಯವರಿಗೆ ಒಂದು ಸೀಟು ಸಿಗುತ್ತೆ, ಒಂದ್ಸಲ ಬಂದು ನೋಡಪ್ಪ’ ಎಂದು ಅವಳೇ ಕರೆದಿದ್ದಳು. ಬಕೆಟ್ಟಿನ ನೀರಿಗೂ ಹೆದರುವ ಅವಳಮ್ಮ ಗಂಡನ ಪೆಟ್ಟಿಗೆ ಕಟ್ಟಿಕೊಟ್ಟು, "ಹೋಗಿಬನ್ನಿ ರೀ. ಅವಳು ಬಂದರೆ ಸಂತೋಷ. ಬರದೆ ಹೋದರೂ ನನಗೊಂದಷ್ಟು ದಿನ ನೆಮ್ಮದಿ" ಎಂದಿದ್ದಳು.

ಆದರೆ ಮಾತಾಡಲು ಮಗಳು ಕೈಗೆ ಸಿಗಬೇಕಲ್ಲ! ಬೆಳಗ್ಗೆ ಸಿಕ್ಕರೆ ಹವಾಮಾನ ನೋಡುತ್ತಿದ್ದಳು, ಮಧ್ಯಾಹ್ನ ದೋಣಿಗಳ ಹಗ್ಗ ಎಳೆದು ಪರೀಕ್ಷಿಸುತ್ತಿದ್ದಳು.

"ಒಂದು ಮಾತಿತ್ತು ಮಗಳೇ."

"ಆಮೇಲೆ ಅಪ್ಪ, ಆಮೇಲೆ."

ಕ್ಯಾಬಿನ್ನಿನಲ್ಲಿ ಅವನ ಜೊತೆಗಿದ್ದವರು ನಿವೃತ್ತ ಹಲ್ಲಿನ ಡಾಕ್ಟರು. ಹಾಸಿಗೆಗೆ ಬೆನ್ನು ತಾಗಿದರೆ ಗೊರಕೆ, ತಟ್ಟೆ ಕಂಡರೆ ಹಸಿವು, ಅಷ್ಟು ನಿರಾಳದ ಮನುಷ್ಯ. "ಏನ್ರೀ, ಕಾದ ಹೆಂಚಿನ ಮೇಲೆ ನಿಂತವರ ಹಾಗೆ ಆಡ್ತೀರಿ? ಹಲ್ಲುನೋವೇನಾದ್ರೂ ಇದ್ರೆ ಹೇಳಿ, ಇಕ್ಕಳ ತಂದಿಲ್ಲ, ಆದ್ರೂ ನೋಡೋಣ" ಎಂದು ನಗುತ್ತಿದ್ದರು. ಸೈರನ್ನಣ್ಣನಿಗೆ ನಗು ಬರುತ್ತಿರಲಿಲ್ಲ.

ಮೊದಲ ದ್ವೀಪ ಕಂಡ ದಿನ ಸಮುದ್ರ ಎಣ್ಣೆ ಸವರಿದಂತೆ ನುಣ್ಣಗಿತ್ತು. ಕಪ್ಪು ಉರುಟುಕಲ್ಲಿನ ದಡ, ಅದರ ಹಿಂದೆ ಹುಲ್ಲಿನ ಗುಡ್ಡ, ಗುಡ್ಡದ ತುಂಬ ಹಕ್ಕಿಗಳ ಗದ್ದಲ. ಸೀಲ್‌ಗಳು ಲಾರಿಯಿಂದ ಉರುಳಿಬಿದ್ದ ಮೂಟೆಗಳಂತೆ ಬಿದ್ದುಕೊಂಡಿದ್ದವು. ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಇಳಿದರು. ಹಲ್ಲಿನ ಡಾಕ್ಟರು ಒಂದು ಸೀಲಿನ ಬಾಯಿಯನ್ನು ದೂರದಿಂದಲೇ ನೋಡಿ ಏನೋ ರೋಗ ಹೇಳಿದರು. ಊರುಗೋಲು ಹಿಡಿದ ಅಜ್ಜಿಯೊಬ್ಬರು ಕಲ್ಲಿನ ಮೇಲೆ ಕೂತು ಮಗುವಿನಂತೆ ನಕ್ಕರು. ಸೈರನ್ನಣ್ಣ ಮಾತ್ರ ಮಗಳ ಹಿಂದೆ ಮುಂದೆ ಸುತ್ತಿದ.

ಹೊತ್ತೇರಿದಂತೆ ಗಾಳಿ ದಿಕ್ಕು ಬದಲಿಸಿತು. ದೂರದಿಂದ ಅಲೆಗಳು ಸಾಲುಗಟ್ಟಿ ಬಂದು ದಡಕ್ಕೆ ಅಪ್ಪಳಿಸತೊಡಗಿದವು. ಹೆಚ್ಚಿನವರು ಅಷ್ಟರಲ್ಲಿ ಹಡಗಿಗೆ ಮರಳಿದ್ದರು. ಉಳಿದ ಒಂದು ಗುಂಪನ್ನು ಹತ್ತಿಸಲು ಬಂದ ದೋಣಿ ಅಲೆಯೊಳಗೆ ಎದ್ದು ನಿಂತಂತಾಗಿ, ಅದನ್ನು ನಡೆಸುತ್ತಿದ್ದ ಗಡ್ಡದವನು ಹಿಂದಕ್ಕೆ ತಿರುಗಿಸಿದ. ಮಗಳು ವಾಕಿಟಾಕಿಯಲ್ಲಿ ಎರಡು ಮಾತಾಡಿ ಎಲ್ಲರ ಕಡೆ ತಿರುಗಿದಳು.

"ಸಮುದ್ರ ಇಳಿಯೋವರೆಗೆ ಕಾಯ್ತೀವಿ. ಬಂಡೆಯ ಮರೆಗೆ ಕೂತ್ಕೊಳ್ಳಿ, ಒಬ್ಬರಿಗೊಬ್ಬರು ಒತ್ತಿಕೊಂಡು. ಯಾರೂ ಇಲ್ಲಿಂದ ಕದಲಬಾರದು."

ಕಾಯುವುದು! ಸೈರನ್ನಣ್ಣನ ಮಟ್ಟಿಗೆ ಕಾಯುವುದೆಂದರೆ ಯಾರೋ ಸಾಯುವುದು. ಅಜ್ಜಿಯ ತುಟಿ ನೀಲಿಗಟ್ಟಿದ್ದು ಅವನ ಕಣ್ಣಿಗೆ ಬಿತ್ತು. ಊರುಗೋಲು ಹಿಡಿದ ಕೈ ಗಡಗಡ ನಡುಗುತ್ತಿತ್ತು. ಅವನು ಮಗಳ ಹತ್ತಿರ ಹೋದ.

"ಆ ಬಂಡೆ ಚಾಚಿಕೊಂಡಿದೆಯಲ್ಲ, ಅದರ ಆಚೆ ನೀರು ಅಲೆಯಿಲ್ಲದೆ ತಣ್ಣಗಿದೆ ಕಣೇ. ಬರುವಾಗ ನೋಡಿದೀನಿ. ಅಲ್ಲಿಗೆ ದೋಣಿ ತರಿಸು."

"ಉಬ್ಬರ ಏರ್ತಿದೆ ಅಪ್ಪ. ಅಲ್ಲಿಗೆ ಹೋಗೋ ದಾರಿ ಈಗ ಮುಳುಗುತ್ತೆ."

"ಅಜ್ಜಿನ ನೋಡು, ಹೇಗೆ ನಡುಗ್ತಿದ್ದಾರೆ!"

"ನೋಡಿದೀನಿ. ಕಂಬಳಿ ಹೊದಿಸ್ತಿದೀನಿ. ನೀನು ಕೂತ್ಕೋ."

ಅವನು ಕೂತ. ಎದ್ದ. ಮತ್ತೆ ಕೂತ. ಮಗಳು ಕಂಬಳಿ ಬಿಚ್ಚಿ ಅಜ್ಜಿಯ ಮೇಲೆ ಬಗ್ಗಿದಾಗ, ಸುಮ್ಮನೆ ಒಮ್ಮೆ ನೋಡಿಕೊಂಡು ಬರೋಣ, ದಾರಿ ಇದ್ದರೆ ಹೇಳಬಹುದು ಎಂದುಕೊಂಡು ಬಂಡೆಯ ಬುಡ ಹಿಡಿದು ನಡೆದುಬಿಟ್ಟ.

ದಾರಿ ಇತ್ತು, ಹೋಗುವಾಗ ಇತ್ತು. ಮೂಲೆ ತಿರುಗಿದಾಗ ಆಚೆಯ ನೀರು ನಿಜಕ್ಕೂ ತಣ್ಣಗಿದೆಯೆಂದು ಕಂಡು ಅವನ ಎದೆ ಹಿಗ್ಗಿತು. ಹೇಳಲಿಕ್ಕೆಂದು ಹಿಂದಿರುಗಿದರೆ ತಾನು ಮೆಟ್ಟಿ ಬಂದ ಕಲ್ಲುಗಳೇ ಇರಲಿಲ್ಲ. ನೊರೆ ಮಾತ್ರ ಕುದಿಯುತ್ತಿತ್ತು. ಮುಂದಕ್ಕೆ ಕಡಿದಾದ ಗೋಡೆ. ಅವನು ಒಂದು ಚಾಚುಗಲ್ಲಿನ ಮೇಲೆ ಹತ್ತಿ ನಿಂತ. ನೀರು ಬೂಟು ನೆಕ್ಕಿತು, ಆಮೇಲೆ ಮೊಣಕಾಲಿಗೆ ಹೊಡೆಯಿತು. ಕೂಗಿದ. ಎಷ್ಟೋ ಸಾವಿರ ಹಕ್ಕಿಗಳು ಅವನಿಗಿಂತ ಜೋರಾಗಿ ಕೂಗುತ್ತಿದ್ದವು. ಬೀದಿಯ ಜನರನ್ನೆಲ್ಲ ಪಕ್ಕಕ್ಕೆ ಸರಿಸಿದವನ ದನಿ ಅಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ.

ಇತ್ತ ತಲೆ ಎಣಿಸಿದ ಮಗಳಿಗೆ ಒಂದು ತಲೆ ಕಡಿಮೆ ಬಂತು. ಯಾವ ತಲೆ ಎಂದು ಕೇಳಬೇಕಾಗಿರಲಿಲ್ಲ. ವಾಕಿಟಾಕಿಯಲ್ಲಿ ದೋಣಿ ಕರೆಸಿ, ಗುಂಪನ್ನು ಜೊತೆಗಿದ್ದ ಸಹಾಯಕಿಗೆ ಒಪ್ಪಿಸಿ, ಎದೆಮಟ್ಟದ ನೀರಿಗೆ ಇಳಿದು, ಗಡ್ಡದವನು ಚಾಚಿದ ಕೈ ಹಿಡಿದು ದೋಣಿಗೆ ಹತ್ತಿದಳು. ಚುಕ್ಕಾಣಿ ತಾನೇ ತೆಗೆದುಕೊಂಡಳು.

ಸೈರನ್ನಣ್ಣನಿಗೆ ದೋಣಿ ಕಂಡಾಗ ನೀರು ತೊಡೆಗೆ ಬಂದಿತ್ತು. ಅವನು ಹಾರಲು ಬಗ್ಗಿದ.

"ಹಾರಬೇಡಿ!" ಮಗಳ ದನಿ. "ನಾನು ಹೇಳಿದಾಗ ಮಾತ್ರ ಕಾಲಿಡಿ. ಅಲ್ಲೀವರೆಗೆ ಬಂಡೆ ಬಿಡಬೇಡಿ!"

ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ನೀವು ಎಂದವಳಲ್ಲ. ಆ ಮಾತು ತಣ್ಣೀರಿಗಿಂತ ಚುರುಕಾಗಿ ತಾಗಿತು. ಅವನು ಬಂಡೆಯನ್ನು ಅವುಚಿ ನಿಂತ. ದೋಣಿ ಹತ್ತಿರ ಬಂತು, ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಅವಳು ಹಿಂದಕ್ಕೆಳೆದಳು. ಅದೇ ಕ್ಷಣ ಆನೆಯಂಥ ಅಲೆಯೊಂದು ಬಂಡೆಗೆ ಬಡಿಯಿತು. ಮತ್ತೆ ಬಂದಳು, ಮತ್ತೆ ಹಿಂದೆ ಸರಿದಳು. ‘ಬಿಟ್ಟುಹೋಗ್ತಾಳಾ?’ ಎಂಬ ಹುಚ್ಚು ಯೋಚನೆಯೂ ಅವನಿಗೆ ಬಂದುಹೋಯಿತು. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ, ಭುಜದ ಮೇಲಿಂದ ಸಮುದ್ರವನ್ನೇ ನೋಡುತ್ತಿದ್ದಳು.

"ಈಗ!"

ಅವನು ಕಾಲಿಟ್ಟ. ಗಡ್ಡದವನು ಜಾಕೆಟ್ ಹಿಡಿದು ಎಳೆದ. ಸೈರನ್ನಣ್ಣ ದೋಣಿಯ ತಳದಲ್ಲಿ ಅಂಗಾತ ಬಿದ್ದ. ಎಷ್ಟು ಜನರನ್ನು ಹಿಂದೆ ಮಲಗಿಸಿಕೊಂಡು ಓಡಿಸಿದ್ದನೋ, ಮಲಗಿದವರಿಗೆ ಏನು ಕಾಣುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ. ಓಡಿಸುವವರ ಗಲ್ಲ ಕಾಣುತ್ತದೆ, ಬಿಗಿದ ದವಡೆ ಕಾಣುತ್ತದೆ. ಅವರು ತಿರುಗಿ ನೋಡುವುದಿಲ್ಲ.

ಗಾಳಿ ಇಳಿದ ಮೇಲೆ ಉಳಿದವರೆಲ್ಲ ಒಂದು ಕೂದಲೂ ಕೊಂಕದೆ ಹಡಗಿಗೆ ಬಂದರು. ಅಜ್ಜಿ ಎರಡನೇ ಬಟ್ಟಲು ಸೂಪು ಕುಡಿಯುತ್ತ, "ಪಾಪ, ಆ ಯಜಮಾನರು ಹೇಗಿದ್ದಾರೆ?" ಎಂದು ವಿಚಾರಿಸುತ್ತಿದ್ದರು. ಸಭೆಯ ಕೋಣೆಯಲ್ಲಿ ಮಗಳು ಮರುದಿನದ ವಿವರ ಹೇಳಿ, ಕೊನೆಗೆ, "ಇವತ್ತು ಒಬ್ಬರು ಹೇಳಿದ ಮಾತು ಮೀರಿದರು. ನಾಳೆ ಅವರು ದಡಕ್ಕೆ ಇಳಿಯೋ ಹಾಗಿಲ್ಲ" ಎಂದಳು. ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹಲ್ಲಿನ ಡಾಕ್ಟರು ಮೊದಲ ಸಲ ತಮಾಷೆ ಮಾಡದೆ ಅವನ ಬೆನ್ನು ತಟ್ಟಿದರು.

ಮರುದಿನ ದೊಡ್ಡ ದ್ವೀಪ. ಇದೊಂದನ್ನು ನೋಡೆಂದೇ ಮಗಳು ಅಪ್ಪನನ್ನು ಕರೆದಿದ್ದಳು. ಅವನು ಡೆಕ್ಕಿನ ಕಂಬಿ ಹಿಡಿದು ಆ ತುದಿಯಿಂದ ಈ ತುದಿಗೆ ಅಲೆದ. ಡಾಕ್ಟರು ಬಿಟ್ಟುಹೋದ ದುರ್ಬೀನಿನಲ್ಲಿ ಹಕ್ಕಿಗಳನ್ನು ಹುಡುಕಲಿಲ್ಲ, ಮಗಳನ್ನು ಹುಡುಕಿದ. ಅಗೋ, ನೀರಿನಲ್ಲಿ ನಿಂತು ಪ್ರತಿಯೊಬ್ಬರ ಮೊಣಕೈ ಹಿಡಿದು ಇಳಿಸುತ್ತಿದ್ದಳು. ಇಳಿದವರು ಗುಡ್ಡದ ಕಡೆ ನೋಡುತ್ತಿದ್ದರು. ಅವಳು ಒಮ್ಮೆಯೂ ಆ ಕಡೆ ನೋಡಲಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದಳು, ಸಮುದ್ರ ನೋಡುತ್ತಿದ್ದಳು, ಮತ್ತೆ ಎಣಿಸುತ್ತಿದ್ದಳು.

ಮಧ್ಯಾಹ್ನ ದಡದವರನ್ನು ಸಹಾಯಕಿಗೆ ಬಿಟ್ಟು ಅವಳು ಹಡಗಿಗೆ ಬಂದು, ಒದ್ದೆ ಬೂಟಿನಲ್ಲೇ ಎರಡು ಲೋಟ ಚಹಾ ಹಿಡಿದು ಅವನ ಪಕ್ಕ ನಿಂತಳು.

"ಬೈಯೋದಿದ್ರೆ ಬೈದುಬಿಡು" ಎಂದ ಸೈರನ್ನಣ್ಣ.

"ಬೈಯೋಕೆ ಶಕ್ತಿ ಇಲ್ಲ ಅಪ್ಪ. ನಿನ್ನೆ ಎರಡನೇ ಸಲ ಹಿಂದೆ ಎಳೆದೆನಲ್ಲ, ಆಗ ನೀನು ಹಾರಿಬಿಡ್ತೀಯ ಅಂದ್ಕೊಂಡಿದ್ದೆ."

"ನೀನು ನಂಗೆ ‘ನೀವು’ ಅಂದೆ. ಅದಕ್ಕೇ ಹಾರಲಿಲ್ಲ."

ಅವಳ ಮುಖದಲ್ಲಿ ನಗು ಬಂದಂತಾಗಿ ಹೋಯಿತು. ಲೋಟ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು, ಚಹಾ ಅಂಚಿಗೆ ತುಳುಕುತ್ತಿತ್ತು. ಆ ನಡುಕ ಅವನಿಗೆ ಹೊಸದಲ್ಲ. ರೋಗಿಯನ್ನು ಒಳಗೆ ಒಯ್ದ ಮೇಲೆ, ಗಾಡಿ ನಿಂತ ಮೇಲೆ, ಸ್ಟೇರಿಂಗ್ ಬಿಟ್ಟ ಕೈಗೆ ಬರುವ ನಡುಕ ಅದು. ಓಡುವಾಗ ಬರುವುದಿಲ್ಲ.

"ಇದು ಒಂದೆರಡು ದಿನ ಇರುತ್ತೆ" ಎಂದ. "ಕೈಗೆ ಕೆಲಸ ಕೊಟ್ಟರೆ ಬೇಗ ಹೋಗುತ್ತೆ. ನಾನು ಗಾಡಿ ತೊಳೀತಿದ್ದೆ, ಕೊಳೆ ಇರಲಿ ಇಲ್ಲದಿರಲಿ."

"ಅದಕ್ಕೇನಾ ನೀನು ಮನೆಗೆ ಬರೋದು ತಡ ಆಗ್ತಿದ್ದಿದ್ದು?"

"ನಡುಗೋ ಕೈಲಿ ನಿನ್ನ ಎತ್ಕೊಳ್ಳೋದು ಬೇಡ ಅಂತ."

ಮಗಳು ಒಂದು ಗುಟುಕು ಚಹಾ ಕುಡಿದು ಕೇಳಿದಳು: "ನೀನು ನನ್ನ ಕರ್ಕೊಂಡು ಹೋಗೋಕೆ ಬಂದಿದ್ದು ಅಲ್ವಾ? ಅಮ್ಮ ನೀನು ಹೊರಡೋ ಮೊದಲೇ ಹೇಳಿದಳು."

"ಅವಳ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ" ಎಂದು ಗೊಣಗಿದ. ಇಷ್ಟು ದಿನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿದ್ದ ಮಾತು ಈಗ ಹೊರಗೆ ಬರಲೊಲ್ಲೆನೆಂದು ಹಟ ಮಾಡಿತು. ಆದರೂ ಹೇಳಿದ: "ಬಾ ಮಗಳೇ. ದಡದ ಮೇಲೂ ಬೇಕಾದಷ್ಟು ಕೆಲಸ ಇದೆ."

"ಬರಲ್ಲ ಅಪ್ಪ."

"ಭಯ ಆಗಲ್ವಾ ನಿಂಗೆ?"

"ಆಗುತ್ತೆ. ನಿನ್ನೆ ತುಂಬಾ ಆಯ್ತು. ನಿಂಗೆ ಆಗ್ತಿರಲಿಲ್ವಾ? ನೀನು ಬಿಟ್ಟೆಯಾ?"

ಅಷ್ಟರಲ್ಲಿ ವಾಕಿಟಾಕಿ ಕರೆಯಿತು. ದಡದಲ್ಲಿ ಗಾಳಿ ಏಳುತ್ತಿದೆ, ಜನರನ್ನು ಹತ್ತಿಸಬೇಕು. ಅರ್ಧ ಚಹಾ ಅವನ ಕೈಗೆ ಕೊಟ್ಟು ಅವಳು ಮೆಟ್ಟಿಲಿಳಿದು ಓಡಿದಳು.

ಸೈರನ್ನಣ್ಣ ಎರಡೂ ಲೋಟ ಖಾಲಿ ಮಾಡಿ ಕೆಳಗಿಳಿದ. ದೋಣಿ ಬಂದು ತಾಗುವಲ್ಲಿ, ದ್ವೀಪದ ಬೀಜ, ಮಣ್ಣು ಹಡಗಿಗೆ ಬಾರದಂತೆ ಎಲ್ಲರ ಬೂಟು ಉಜ್ಜುವ ಜಾಗವಿತ್ತು. ಅಲ್ಲಿದ್ದ ನೌಕರನಿಂದ ಒಂದು ಬ್ರಷ್ ಕೇಳಿ ಪಡೆದು ಮಂಡಿಯೂರಿದ. ಮೊದಲ ದೋಣಿಯಲ್ಲಿ ಅಜ್ಜಿ ಬಂದರು, ಊರುಗೋಲಿನ ತುದಿಯನ್ನೂ ಉಜ್ಜಿಸಿಕೊಂಡು ಹೋದರು. ಹಲ್ಲಿನ ಡಾಕ್ಟರು ಕಾಲು ಮುಂದೆ ಚಾಚಿ, "ಸಂದಿಗೊಂದಿ ಎಲ್ಲ ಚೆನ್ನಾಗಿ ಉಜ್ಜಿ. ಹುಳುಕು ಹಿಡಿಯೋದು ಅಲ್ಲೇ" ಎಂದರು. ಸೈರನ್ನಣ್ಣ ಬಾಯ್ತುಂಬ ನಕ್ಕ.

ನಕ್ಕರೂ ಕಣ್ಣು ಬೂಟಿನ ಮೇಲೆ ನಿಲ್ಲುತ್ತಿರಲಿಲ್ಲ. ಹೊರಗೆ ಅಲೆ ಬೆಳೆಯುತ್ತಿತ್ತು. ದೋಣಿಗಳು ಒಂದೊಂದಾಗಿ ಬಂದವು. ಎಲ್ಲರನ್ನೂ ಹತ್ತಿಸಿದ ಮೇಲೆ ಮಗಳು ಬರುವ ಕೊನೆಯ ದೋಣಿ ಇನ್ನೂ ಬಂದಿರಲಿಲ್ಲ.

"ಎದ್ದು ಒಳಗೆ ಹೋಗಿ ಯಜಮಾನ್ರೇ, ಬೂಟುಗಳೆಲ್ಲ ಮುಗಿದ್ವು" ಎಂದ ನೌಕರ.

"ಒಂದು ಜೊತೆ ಬಾಕಿ ಇದೆ" ಎಂದು ಸೈರನ್ನಣ್ಣ ಬ್ರಷ್ ನೀರಿಗದ್ದಿ ಅಲ್ಲೇ ಕೂತ.