ಕಿಟಕಿಯ ಕಡೆಯ ಕೊಂಬೆಗಳು

ಆ ಬೀದಿಗೆಲ್ಲ ಹೊಲಿಗೆಯವಳು ಒಬ್ಬಳೇ. ಮೂವತ್ತೊಂದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಎದುರಾಗಿ ಯಂತ್ರ ಹಾಕಿಕೊಂಡಿದ್ದಳು. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ವೈದ್ಯರಿಗಿಂತ ಮೊದಲು ಅವಳ ಟೇಪಿಗೆ ತಿಳಿಯುತ್ತಿತ್ತು. ಈಚೆಗೆ ಕೋಣೆಯಲ್ಲಿ ಬೆಳಕು ಸಾಲದಾಗಿತ್ತು. ಕಪ್ಪು ಬಟ್ಟೆಗೆ ಕಪ್ಪು ದಾರ ಬಂತೆಂದರೆ ಮುಗಿಯಿತು. ಹೊಲಿದದ್ದೆಷ್ಟು, ಉಳಿದದ್ದೆಷ್ಟು ಎಂದು ಬೆರಳಿನಿಂದ ತಡವಿ ನೋಡಬೇಕು. ತಪ್ಪೆಲ್ಲ ಅಂಗಳದ ಮರದ್ದೇ ಎಂದು ಅವಳು ತೀರ್ಮಾನಿಸಿದಳು.

ಮರ ಕಡಿಸಲು ಗಂಡ ಒಪ್ಪಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದ ಅವನಿಗೆ ಆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರೆ ಮಧ್ಯಾಹ್ನ ಕಳೆದದ್ದೇ ತಿಳಿಯುತ್ತಿರಲಿಲ್ಲ. ದೊಡ್ಡ ದೀಪ ಹಾಕಿಸಿಕೊಟ್ಟ. ಅದೂ ಸಾಲದು ಎಂದಳು. ಹದಿನೈದು ದಿನ ಇಬ್ಬರಿಗೂ ಮಾತಿಲ್ಲ. ಕೊನೆಗೆ ಅವಳೇ ಅರಣ್ಯ ಇಲಾಖೆಯ ಕಚೇರಿಗೆ ಮೂರು ಸಲ ಅಲೆದು ಪರವಾನಗಿ ತಂದು, ಮರ ಕಡಿಯುವವನಿಗೆ ಫೋನು ಮಾಡಿದಳು.

ಅವನು ಬಂದು ಬೊಡ್ಡೆಯನ್ನು ತಟ್ಟಿ ನೋಡಿ, ಮರಕ್ಕೆ ಯಾವ ರೋಗವೂ ಇಲ್ಲವಲ್ಲ ಎಂದ. ರೋಗಕ್ಕಲ್ಲ, ಬೆಳಕಿಗೆ ಎಂದಳು. ಅಂಗಳ ಇಕ್ಕಟ್ಟು, ಇಡೀ ಮರ ಒಮ್ಮೆಗೇ ಉರುಳಿಸುವಂತಿಲ್ಲ. ಮೊದಲ ದಿನ ಕಿಟಕಿಯ ಕಡೆಯ ಕೊಂಬೆಗಳು, ಮರುದಿನ ಮೇಲಿನಿಂದ ತುಂಡು ತುಂಡಾಗಿ ಉಳಿದದ್ದು ಎಂದು ಮಾತಾಯಿತು. ಗಂಡ ಕುರ್ಚಿ ಎತ್ತಿಕೊಂಡು ಒಳಗೆ ಹೋದ.

ಕೊಂಬೆಗಳು ಹಗ್ಗದಲ್ಲಿ ಒಂದೊಂದಾಗಿ ಇಳಿದವು. ಸಂಜೆ ಹೊತ್ತಿಗೆ ಬಿಸಿಲು ನೇರವಾಗಿ ಯಂತ್ರದ ಹಲಗೆಯ ಮೇಲೆ ಬಿದ್ದಿತ್ತು. ಅವಳು ಹುಮ್ಮಸ್ಸಿನಿಂದ ಕೂತು, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಹಿಡಿದಳು. ಹೋಗಲಿಲ್ಲ. ಬಾಗಿಲಿಗೆ ಬಂದಳು. ಅಲ್ಲೂ ಇಲ್ಲ. ಅಂಗಳಕ್ಕಿಳಿದು, ಬಿದ್ದ ಎಲೆಗಳ ಮೇಲೆ ನಿಂತು, ಸೂಜಿಯನ್ನು ಆಕಾಶಕ್ಕೆ ಎತ್ತಿ ಹಿಡಿದಳು. ಈಗ ಅಡ್ಡ ಬರಲು ಕೊಂಬೆಯಿಲ್ಲ, ಗೋಡೆಯಿಲ್ಲ. ದಾರ ಮಾತ್ರ ಸೂಜಿಯ ಪಕ್ಕದಲ್ಲೇ ಜಾರಿ ಹೋಗುತ್ತಿತ್ತು. ಅವಳು ಕಡಿದ ಕೊಂಬೆಯೊಂದರ ಮೇಲೆ ಕೂತುಬಿಟ್ಟಳು.

ಬೆಳಿಗ್ಗೆ ಗರಗಸ ಹಿಡಿದು ಬಂದವನನ್ನು ಗೇಟಿನಲ್ಲೇ ತಡೆದಳು.

“ಮರ ಇರ್ಲಿ.”

“ಯಜಮಾನ್ರು ಬೇಡ ಅಂದ್ರಾ ಅಕ್ಕಾ?”

“ಇಲ್ಲಪ್ಪಾ. ನನ್ನ ಕಣ್ಣೇ ಮಂಜಾಗಿದೆ. ಸುಮ್ನೆ ಮರದ ಮೇಲೆ ತಪ್ಪು ಹೊರಿಸ್ದೆ.”

ಅವನು ನಗಲಿಲ್ಲ. ಗರಗಸ ಕೆಳಗಿಟ್ಟ. “ನಂಗೆ ಕಿವಿ ಹಂಗೇ ಆಗಿತ್ತು. ಮನೇಲಿ ಎಲ್ರೂ ಪಿಸಪಿಸ ಅಂತಾರೆ ಅಂತ ಮೂರು ವರ್ಷ ಹೆಂಡ್ತಿ ಮೇಲೆ ರೇಗಾಡ್ದೆ.”

ಒಂದೇ ಕಡೆ ಭಾರ ಉಳಿದರೆ ಮರ ವಾಲುತ್ತದೆ ಎಂದು ಅವನು ಇನ್ನೊಂದು ಕಡೆಯ ಎರಡು ಕೊಂಬೆಗಳನ್ನೂ ತೆಗೆದು ಹೋದ.

ಗಂಡನಿಗೆ ಹೇಳುವುದೇ ಕಷ್ಟವಾಯಿತು. ಜಗಳವಾಡಿ ಗೆದ್ದದ್ದನ್ನು ಬಿಟ್ಟುಕೊಡುವುದೆಂದರೆ ಸುಲಭವೇ? ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಹೇಳಿದಳು. ಅವನು ಎಷ್ಟು ದಿನದಿಂದ ಎಂದಷ್ಟೇ ಕೇಳಿದ. ಎರಡು ವರ್ಷ ಇರಬೇಕು ಎಂದಾಗ ಅಂಗಿ ಹಾಕಿಕೊಂಡು ಬಂದ. “ನಡಿ. ಆಸ್ಪತ್ರೆ ಒಂಬತ್ತಕ್ಕೆ ತೆಗೀತಾರೆ.”

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುವಷ್ಟರಲ್ಲಿ ಮೂರು ತಿಂಗಳು. ಆ ದಿನಗಳಲ್ಲಿ ಅವಳೂ ಹೊರಗೆ ಕುರ್ಚಿ ಹಾಕಿಕೊಂಡಳು. ಬೋಳುಬೋಳಾದ ಮರದ ನೆರಳು ಅಲ್ಲಿಷ್ಟು ಇಲ್ಲಿಷ್ಟು. ಇಬ್ಬರೂ ಅದರ ಹಿಂದೆ ಕುರ್ಚಿ ಜರುಗಿಸುತ್ತ ಕೂರುತ್ತಿದ್ದರು.

ಕಣ್ಣು ತಿಳಿಯಾದ ಮೇಲೆ ಅವಳು ಮೊದಲು ಸರಿಯಾಗಿ ಕಂಡದ್ದು ಗಂಡನ ಅಂಗಿಯ ಕಾಲರನ್ನು. ಅದರ ಒಂದು ತುದಿ ಮೇಲೆ, ಒಂದು ಕೆಳಗೆ. ಬೀದಿಗಿಳಿದರೆ ಅಂಗಡಿಯವನ ಜೇಬು ಓರೆ, ಎದುರುಮನೆಯ ನರ್ಸಮ್ಮನ ರವಿಕೆ ತೋಳಿನ ಹೊಲಿಗೆ ಹಾವು ಹರಿದಂತೆ. ಎರಡು ವರ್ಷ ಒಬ್ಬರೂ ತುಟಿ ಬಿಚ್ಚಿರಲಿಲ್ಲ; ಬಟ್ಟೆ ಕೊಡುವುದನ್ನೂ ನಿಲ್ಲಿಸಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಸಿಟ್ಟೂ ಬಂತು. ಆಮೇಲೆ ಏನು ಬಂತೆಂದು ಅವಳಿಗೆ ಹೇಳಲು ಬಾರದು.

ಮರುದಿನದಿಂದ ಮನೆಮನೆಗೆ ಹೋಗಿ, ಬಿಚ್ಚಿ ಹೊಲಿದುಕೊಡುತ್ತೇನೆ ಎಂದು ಬಟ್ಟೆ ಕೇಳಿ ತಂದಳು. ನರ್ಸಮ್ಮ ಮಾತ್ರ ಕೊಡಲಿಲ್ಲ. ಆ ತೋಳಲ್ಲಿ ಕೈ ಆರಾಮಾಗಿ ಆಡುತ್ತದೆ, ಇನ್ನೂ ಎರಡು ಹಾಗೇ ಹೊಲಿದುಕೊಡು ಎಂದಳು.