ರಾಣಿ ತೆಗೆಯದ ಬಾಗಿಲು

"ಸಿಂಹಾಸನದ ಆಸೆಗೇ ರಾಣಿ ಅಗುಳಿ ಹಾಕಿದ್ದು! ನಿನ್ನೆಯಿಂದ ಎಲ್ಲರೂ ಅದನ್ನೇ ಬರೀತಿದ್ದಾರೆ, ನೋಡಿ," ಎಂದು ರೇಡಿಯೋ ತನ್ನ ಊಟದ ಡಬ್ಬಿಗೆ ಮೊಬೈಲು ಒರಗಿಸಿಟ್ಟಳು. ಬಾಯಿ ಮುಚ್ಚಿ ಗೊತ್ತಿಲ್ಲದ ಆ ಹುಡುಗಿಯನ್ನು ಸಮವಸ್ತ್ರ ಹೊಲಿಯುವ ಆ ಕೋಣೆಯಲ್ಲಿ ಯಾರೂ ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ.

ನಿನ್ನೆಯ ಧಾರಾವಾಹಿಯಲ್ಲಿ ನೆರಳಿನ ಸೈನ್ಯದಿಂದ ಕಚ್ಚಿಸಿಕೊಂಡ ರಾಜ ಅರ್ಧ ಮನುಷ್ಯನಾಗಿ ಕೋಟೆಗೆ ಮರಳಿದ್ದ. ರಾಣಿ ಬಾಗಿಲು ತೆಗೆಯಲಿಲ್ಲ. ಅವನು ತಟ್ಟಿ ತಟ್ಟಿ ಹೊಸ್ತಿಲಲ್ಲೇ ಬೂದಿಯಾದ.

"ಆಸೆ ಅಲ್ಲ ಕಣೇ, ಹೆದರಿಕೆ," ಎಂದಳು ಇಸ್ತ್ರಿ ಮಾಡುವವಳು. "ಒಳಗೆ ಮಗು ಇತ್ತಲ್ಲ. ಬಂದಿರೋದು ಗಂಡನೋ ಪಿಶಾಚಿಯೋ, ಅವಳಿಗೇನು ಗೊತ್ತು?"

"ದನಿ ಗೊತ್ತಾಗಲ್ವಾ? ಕಟ್ಕೊಂಡ ಗಂಡನ ದನಿ!" ಎಂದಳು ರೇಡಿಯೋ.

ಬಟ್ಟೆ ಕತ್ತರಿಸುವ ಮೇಜಿನ ಬಳಿ ಕೂತಿದ್ದ ಕತ್ತರಿಯಕ್ಕ ಎತ್ತಿದ ತುತ್ತನ್ನು ಮತ್ತೆ ಡಬ್ಬಿಗಿಟ್ಟಳು. ಅವಳ ಗಂಡ ಕುಡಿದು ಬಂದನೆಂದರೆ ಕೈಗೆ ಸಿಕ್ಕಿದ್ದರಲ್ಲೆಲ್ಲ ಹೊಡೆಯುತ್ತಿದ್ದ. ಆ ಚಳಿಯ ರಾತ್ರಿ ಮಾತ್ರ ಬಾಗಿಲಾಚೆಯಿಂದ ಮೆತ್ತಗೆ, "ತೆಗಿಯೇ, ನಡುಗ್ತಾ ಇದ್ದೀನಿ" ಎಂದಿದ್ದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಇದ್ದಳು. ಬೆಳಗಾದರೆ ಮೆಟ್ಟಿಲ ಮೇಲೆ ಹೆಣ. ನಿದ್ದೆ ಹತ್ತಿತ್ತು, ಕೇಳಿಸಲಿಲ್ಲ ಎಂದು ಬಂದವರಿಗೆಲ್ಲ ಹೇಳಿದಳು. ಒಳಕೋಣೆಯಲ್ಲಿ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದ ಅತ್ತೆಯೂ ಅದನ್ನೇ ಹೇಳಿದ್ದಳು. ಅತ್ತೆಯದಾದರೂ ನಿಜವೆಂದು ಅವಳು ನಂಬಿದ್ದಳು. ಹೊಲಿಗೆ ಯಂತ್ರಗಳೆಲ್ಲ ಒಮ್ಮೆಲೇ ನಿಂತಾಗ ಇವತ್ತಿಗೂ ಅವಳಿಗೆ ಯಾರೋ ಬಾಗಿಲು ತಟ್ಟುವುದು ಕೇಳಿಸುತ್ತದೆ.

"ಅಜ್ಜೀ, ನೀವು ಹೇಳಿ. ರಾಣಿ ಮಾಡಿದ್ದು ಸರಿನಾ?" ಕಿಟಕಿಯ ಬಳಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ ಕತ್ತರಿಯಕ್ಕನ ಅತ್ತೆಯನ್ನು ರೇಡಿಯೋ ಕೇಳಿದಳು.

ಮುದುಕಿ ತಲೆ ಎತ್ತಲಿಲ್ಲ. "ರಾಣಿ ಯಾಕೆ ತೆಗೀಲಿಲ್ಲ, ರಾಣಿ ಯಾಕೆ ತೆಗೀಲಿಲ್ಲ ಅಂತ ಬಡ್ಕೋತೀರಲ್ಲ. ಹಿಂದುಗಡೆ ರಾಜನ ತಾಯಿ ಕೂತಿದ್ಲು. ಅವಳಿಗೆ ಕೈ ಇರಲಿಲ್ವಾ?"

"ಅಯ್ಯೋ, ಹೌದಲ್ಲ! ಇದನ್ನ ಯಾರೂ ಬರ್ದೇ ಇಲ್ಲ!" ರೇಡಿಯೋ ಗಡಿಬಿಡಿಯಲ್ಲಿ ಮೊಬೈಲು ಎತ್ತಿಕೊಂಡಳು.

ಊಟ ಮುಗಿಸಿ ಎಲ್ಲರೂ ಕೈ ತೊಳೆಯಲು ಹೋದರು. ಕತ್ತರಿಯಕ್ಕ ಅತ್ತೆಯ ಎದುರಿಗೆ ಬಂದು ನಿಂತಳು. ಅಲ್ಲೇ ನೆಲದ ಮೇಲೆ ಕೂತಳು.

"ಅತ್ತೇ... ಅವತ್ತು ನಿಮಗೆ..."

"ಕೂಸು ಎದ್ದು ಅಪ್ಪಾ ಅಂತ ಓಡಿಬಿಟ್ರೆ ಅಂತ ಅದರ ಕಿವಿ ಮುಚ್ಚಿ ಹಿಡ್ಕೊಂಡಿದ್ದೆ ಕಣಮ್ಮಾ," ಎಂದಳು ಅತ್ತೆ. "ಎರಡೂ ಕೈಯಲ್ಲಿ. ನನ್ನ ಕಿವಿ ಹಾಗೇ ತೆರಕೊಂಡಿತ್ತು."

ಹೊರಗೆ ನಲ್ಲಿಯ ಹತ್ತಿರ ರೇಡಿಯೋ ಏನೋ ಹೇಳಿ ನಗುತ್ತಿದ್ದಳು. ಯಾರೋ ಒಳಬಂದು ಯಂತ್ರ ತುಳಿಯತೊಡಗಿದರು. ಅತ್ತೆ ಅಂಗಿಯನ್ನು ತೊಡೆಯ ಮೇಲೆಳೆದುಕೊಂಡು ಮತ್ತೆ ಗುಂಡಿ ಹಚ್ಚಲು ಬಾಗಿದಳು. ದಾರ ಯಾವಾಗಲೋ ಮುಗಿದಿತ್ತು. ಬರಿಯ ಸೂಜಿ ಗುಂಡಿಯ ತೂತುಗಳಲ್ಲಿ ಇಳಿದು ಏಳುತ್ತಲೇ ಇತ್ತು.