ಹಗಲಲ್ಲಿ ಬಂದ ಕಳ್ಳ

ಮಂಗಳಾ ಕಳ್ಳನನ್ನು ಕೊಂದಳಂತೆ ಎಂಬ ಸುದ್ದಿ ಬಿಳಿಗೆರೆಯಿಂದ ಹೊರಟು ತಿಪಟೂರು ಮುಟ್ಟುವಷ್ಟರಲ್ಲಿ ಕಳ್ಳರು ಮೂವರಾಗಿದ್ದರು, ಮಂಗಳಾ ಕೈಗೆ ಮಚ್ಚು ಬಂದಿತ್ತು. ಊರಿನ ಬಾಯಿಗೆ ಬೀಗ ಹಾಕುವವರು ಯಾರಪ್ಪ? ಬಂದಿದ್ದವನು ಒಬ್ಬನೇ. ಮಚ್ಚೂ ಇರಲಿಲ್ಲ, ಮಣ್ಣಂಗಟ್ಟಿಯೂ ಇರಲಿಲ್ಲ.

ನಡೆದದ್ದು ಮಟಮಟ ಮಧ್ಯಾಹ್ನ. ಗಂಡ ರೇಣುಕಪ್ರಸಾದ್ ಕೊಬ್ಬರಿ ಹರಾಜಿಗೆಂದು ತಿಪಟೂರಿಗೆ ಹೋಗಿದ್ದ, ಮಗಳು ಇಂಪನಾ ಶಾಲೆಗೆ. ಮಂಗಳಾ ತೋಟದಿಂದ ಹುಲ್ಲಿನ ಹೊರೆ ಹೊತ್ತು ಬಂದರೆ ಹಿತ್ತಿಲ ಬಾಗಿಲಿನ ಚಿಲಕ ಕಿತ್ತು ನೇತಾಡುತ್ತಿದೆ. ಒಳಗೆ ಅಟ್ಟಕ್ಕೆ ಏಣಿ ಹಾಕಿದೆ, ಮೇಲೆ ಕಾಯಿಗಳು ಗಡಗಡ ಉರುಳುತ್ತಿವೆ. ಆ ಸೀಮೆಯಲ್ಲಿ ಅಟ್ಟದ ಕಾಯಿ ಎಂದರೆ ಹುಡುಗಾಟವಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹೆಚ್ಚುಕಡಿಮೆ ವರ್ಷ ತುಂಬುವ ತನಕ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗಬೇಕು. ಬೆಕ್ಕು ಅಟ್ಟ ಹತ್ತಿದರೂ ಮಂಗಳಾ ಅದರ ಜನ್ಮ ಜಾಲಾಡುತ್ತಿದ್ದಳು. ಅಂಥವಳ ತಲೆಯ ಮೇಲೆ, ಇನ್ನೇನು ಸುಲಿಯಬೇಕು ಎನ್ನುವ ಹೊತ್ತಿಗೆ, ಯಾವನೋ ಕಾಯಿ ತುಳಿದುಕೊಂಡು ಓಡಾಡುತ್ತಿದ್ದಾನೆ!

"ಯಾವನ್ಲಾ ಅದು?" ಎಂದು ಕೂಗಿದಳು.

ಅಟ್ಟದ ಬಾಯಲ್ಲಿ ಬೆವರಿಗೆ ಧೂಳು ಮೆತ್ತಿದ ಮುಖವೊಂದು ಕಂಡಿತು. "ಕೂಗ್ಬ್ಯಾಡ ಕಣಕ್ಕ. ಏನೂ ತಗಂಡಿಲ್ಲ. ಇಳ್ದು ಹೊಂಟೋಯ್ತೀನಿ" ಎಂದ.

"ಇಳಿ. ನಾನೇನೂ ಮಾಡಲ್ಲ" ಎಂದಳು ಮಂಗಳಾ.

ಅವನು ನಂಬಿದ. ಇವಳ ಕಡೆಗೆ ಬೆನ್ನು ಮಾಡಿ, ಏನೋ ಒಂದು ಮಾತು ಅಂದು, ಬರಿಗೈಯಲ್ಲಿ ಇಳಿಯತೊಡಗಿದ. ಎರಡು ಮೆಟ್ಟಿಲು ಇಳಿದಿದ್ದನೋ ಇಲ್ಲವೋ, ಮಂಗಳಾ ಏಣಿ ಎಳೆದಳು. ಕೆಳಗೆ ಒರಳುಕಲ್ಲು ಇತ್ತು. ಅದರ ಅಂಚಿಗೆ ಕುತ್ತಿಗೆ ಬಡಿಯಿತು. ಆಮೇಲೆ ಅವನು ಅಲುಗಲಿಲ್ಲ.

ಅವಳು ಕಿರುಚಿಕೊಂಡಳೇ, ಬಾಯಿ ಬಡಿದುಕೊಂಡಳೇ ಅಂದರೆ ಅದೂ ಇಲ್ಲ. ಹೊರಗೆ ಹೋಗಿ ಹೊರೆ ಬಿಚ್ಚಿ ಹಸುವಿಗೆ ಹುಲ್ಲು ಹಾಕಿದಳು. ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು ಗಂಡನಿಗೆ ಫೋನ್ ಮಾಡಿ, "ಮನೇಲೊಬ್ಬ ಸತ್ತೋಗಿದಾನೆ, ಬನ್ನಿ" ಎಂದಳು. ಅವತ್ತಿನಿಂದ ಅವಳ ಒಳಗೆ ಏನೋ ಮರಗಟ್ಟಿಹೋಗಿತ್ತು. ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿರಲಿಲ್ಲ. ಅನ್ನ ತಿಂದರೆ ಅದು ಅನ್ನ ಅಂತಲೂ ಗೊತ್ತಾಗುತ್ತಿರಲಿಲ್ಲ.

ಪೊಲೀಸರು ಬಂದಾಗ ಅವಳ ಬಾಯಿಂದ ಮಾತೇ ಹೊರಡದೆ ಗಂಡನೇ ಎಲ್ಲ ಹೇಳಿದ. ಕಳ್ಳ ಬೈದುಕೊಂಡು ಮೈಮೇಲೆ ಬಂದ, ಇವಳು ಹೆದರಿ ಏಣಿ ತಳ್ಳಿದಳು ಎಂದ. ಪಾಪ, ಅವನು ಹಾಗೇ ನಡೆದಿರಬೇಕು ಎಂದು ನಂಬಿಯೇ ಹೇಳಿದ್ದು. ಕೇಸೇನೋ ಆಯಿತು, ಅದರ ಹಿಂದೆಯೇ ಜಾಮೀನೂ ಆಯಿತು. ಊರಿನ ಸಂಘದವರು ಬಂದು ಶಾಲು ಹೊದಿಸಿ, "ಗಂಡೆದೆ ಕಣ್ರೀ ನಿಮ್ದು" ಎಂದು ಫೋಟೊ ತೆಗೆಸಿಕೊಂಡರು. ಎಂಥ ಜನವಪ್ಪ! ಒರಳುಕಲ್ಲು ತೊಳೆದ ನೀರು ಇನ್ನೂ ಆರಿರಲಿಲ್ಲ. ಮಂಗಳಾ ಕೈ ಮುಗಿ ಅಂದರೆ ಮುಗಿದಳು, ಈ ಕಡೆ ನೋಡಿ ಅಂದರೆ ನೋಡಿದಳು.

ಮಾರನೇ ದಿನ ಸರ್ಕಲ್ ಇನ್‌ಸ್ಪೆಕ್ಟರ್ ಮುಂದೆ ಅವಳೇ ಹೇಳಿಕೆ ಕೊಡಬೇಕು ಎನ್ನುವಾಗ, ಹಿಂದಿನ ಸಂಜೆ ಜ್ಞಾನೇಶ್ ಬಂದ. ರೇಣುಕಪ್ರಸಾದನ ಚಿಕ್ಕಪ್ಪನ ಮಗ, ತಿಪಟೂರಿನಲ್ಲಿ ವಕೀಲ. ಜಗಲಿ ಮೇಲೆ ಕೂತು ಕಾಫಿ ಕುಡಿದು ವಿಷಯಕ್ಕೆ ಬಂದ.

"ನೋಡಿ ಅತ್ತಿಗೆ, ಕತ್ತಲಾದ್ಮೇಲೆ ಬಾಗಿಲು ಮುರ್ದು ನುಗ್ಗಿದ್ದಿದ್ರೆ ಕಾನೂನು ನಿಮ್ಮ ಕಡೆ ಗಟ್ಟಿಯಾಗಿ ನಿಲ್ತಿತ್ತು. ಇವ್ನು ಬಂದಿರೋದು ಹಗಲಲ್ಲಿ. ಹಗಲಲ್ಲಿ ಕದಿಯೋಕೆ ಬಂದ ಅಂತ ಜೀವ ತೆಗೆಯೋ ಹಕ್ಕು ಯಾರಿಗೂ ಇಲ್ಲ. ನನ್ನ ಕೊಂದೇಬಿಡ್ತಾನೆ ಅನ್ನೋ ಭಯ ನಿಮಗೆ ಆಗಿರ್ಬೇಕು. ಭಯ ಆಗಿತ್ತು ತಾನೆ?"

ಮಂಗಳಾ ಖಾಲಿ ಲೋಟ ಎತ್ತಿಕೊಂಡಳು.

"ಆಗ್ದೆ ಇರ್ತದೇನೋ? ಒಂಟಿ ಹೆಂಗಸು" ಎಂದ ಗಂಡ.

"ನೀನು ಸುಮ್ನಿರಣ್ಣ, ಅವ್ರೇ ಹೇಳ್ಬೇಕು. ಅತ್ತಿಗೆ, ಅವನು ಸುಮ್ನೆ ಇಳೀತಿದ್ದ, ನೀವು ತಳ್ಳಿದ್ರಿ ಅಂತ ಬಾಯಿ ತಪ್ಪಿ ಬಂದ್ರೂ ಮುಗೀತು. ಕೊಲೆ ಆಗ್ತದೆ, ವರ್ಷಗಟ್ಟಲೆ ಒಳಗಿರ್ಬೇಕು. ಇಂಪನಾ ಮುಖ ನೋಡ್ಕೊಂಡು ಮಾತಾಡಿ."

"ಆಯ್ತಪ್ಪ, ಹಾಗೇ ಹೇಳ್ತೀನಿ" ಎಂದಳು. ಅವಳಿಗೆ ನಿಜಕ್ಕೂ ಅಡ್ಡಿಯಿರಲಿಲ್ಲ. ನಿಜ, ಸುಳ್ಳು ಎರಡೂ ಅವಳಿಗೆ ಅಷ್ಟೇ ದೂರದಲ್ಲಿದ್ದವು. ಅವನು ಹೇಳಿಕೊಟ್ಟದ್ದನ್ನು ಒಮ್ಮೆ ಒಪ್ಪಿಸಿದಳು ಕೂಡ. ಮಗ್ಗಿ ಒಪ್ಪಿಸಿದ ಹಾಗೆ ಆಯಿತು, ಸ್ವಲ್ಪ ಅಳು ಬೆರೆಸಿ ಅತ್ತಿಗೆ ಎಂದ ಜ್ಞಾನೇಶ್.

ಅಷ್ಟು ಹೊತ್ತಿಗೆ ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಂದು ನಿಂತಳು. ಹಂದನಕೆರೆ ಕಡೆಯಿಂದ ಬಂದಿದ್ದಳು, ಕಾಲೆಲ್ಲ ಧೂಳು. ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟಿದ್ದಳು.

"ನಾನು ಭೈರಮ್ಮ ಅಂತ. ಕಲ್ಲೇಶನ ತಾಯಿ ಕಣವ್ವ" ಎಂದಳು.

ಸತ್ತವನ ಹೆಸರು ಕಲ್ಲೇಶ ಎಂದು ಪೊಲೀಸರು ಹೇಳಿದ್ದರು. ಮಂಗಳಾ ಅದನ್ನು ಕೇಳಿಸಿಕೊಂಡಿದ್ದಳು, ಅಷ್ಟೆ. ಈಗ ಆ ಹೆಸರಿಗೆ ಒಬ್ಬ ತಾಯಿ ಬಂದು ಎದುರಿಗೆ ನಿಂತಿದ್ದಳು.

ರೇಣುಕಪ್ರಸಾದ್ ದಡಕ್ಕನೆ ಎದ್ದ. "ಇಲ್ಲಿಗ್ಯಾಕಮ್ಮ ಬಂದೆ? ಏನಿದ್ರೂ ಸ್ಟೇಷನ್ನಲ್ಲಿ ಮಾತಾಡು, ಹೋಗು."

"ಜಗಳಕ್ಕೆ ಬಂದಿಲ್ಲ ಸ್ವಾಮಿ. ಕದಿಯಾಕೆ ಬಂದಿದ್ದ, ತಪ್ಪು ಅವಂದೇಯ. ಕುಡಿಯಾದು ಕಲ್ತು ಹಾಳಾಗೋದ. ನಾನೇ ಸತ್ತೋಗು ಅಂತ ಬೈದಿದ್ದೆ." ಅವಳು ಮಂಗಳಾ ಕಡೆ ತಿರುಗಿದಳು. "ಕೊನೇಗೆ ಕಂಡೋಳು ನೀನೊಬ್ಳೇ ಕಣವ್ವ. ಅದಕ್ಕೇ ಬಂದೆ. ಏನಾರ ಅಂದ್ನಾ? ಒಂದ್ ಮಾತು?"

"ಅತ್ತಿಗೆ, ನೀವು ಒಳಗೆ ಹೋಗಿ" ಎಂದ ಜ್ಞಾನೇಶ್.

"ಏನಂತಾನೆ? ಬಾಯಿಗೆ ಬಂದಂಗೆ ಬೈದು ಮೇಲೆ ಬಿದ್ದ" ಎಂದ ಗಂಡ.

ಭೈರಮ್ಮನ ಮುಖ ಸಣ್ಣಗಾಯಿತು. "ಬೈದ್ನಾ? ಹೆಂಗಸ್ರನ್ನ ಬೈತಿರ್ಲಿಲ್ಲವಲ್ಲ ಅವ್ನು. ಕುಡಿದಿದ್ರೂ ಬೈತಿರ್ಲಿಲ್ಲ. ಹೋಗ್ಲಿ ಬುಡಿ, ಬೈದಿರ್ಬೋದು" ಎಂದು ಸೆರಗಿನಿಂದ ಬಾಯಿ ಒತ್ತಿಕೊಂಡು ಹೊರಟಳು.

"ಬೈಲಿಲ್ಲ" ಎಂದಳು ಮಂಗಳಾ.

ಭೈರಮ್ಮ ನಿಂತಳು. ಜ್ಞಾನೇಶ್ "ಅತ್ತಿಗೆ!" ಎಂದು ಗದರಿದ. ಅಷ್ಟು ದೊಡ್ಡ ಗದರಿಕೆಯೂ ಅವಳನ್ನು ಮುಟ್ಟಲಿಲ್ಲ. ಸತ್ತವನ ಮೇಲೆ ಮಾಡದ ತಪ್ಪನ್ನು ಹೊರಿಸಿ ತಾಯಿಯನ್ನು ವಾಪಸು ಕಳಿಸುವುದಿದೆಯಲ್ಲ, ಅದು ಮಾತ್ರ ಅವಳ ಗಂಟಲಲ್ಲಿ ಇಳಿಯಲಿಲ್ಲ.

"ಏಣಿ ಜಾರ್ತೈತೆ ಅಕ್ಕ, ವಸಿ ಹಿಡ್ಕಂಡಿರು ಅಂದ" ಎಂದಳು ಮಂಗಳಾ.

ಕಾಯಿಯ ಸೀಮೆಯಲ್ಲಿ ಹುಟ್ಟಿದ ಯಾರಾದರೂ ಅನ್ನುವ ಮಾತು ಅದು. ಅಟ್ಟದಿಂದ ಇಳಿಯುವವರು ಕೆಳಗೆ ಯಾರಿದ್ದರೂ ಹಾಗನ್ನುತ್ತಾರೆ, ಕೆಳಗಿದ್ದವರು ಯಾರಾದರೂ ಹಿಡಿಯುತ್ತಾರೆ. ಗಂಡ ಹೆಂಡತಿ ಮಾತು ಬಿಟ್ಟು ಕೂತಿದ್ದರೂ ಏಣಿ ಹಿಡಿಯುವುದನ್ನು ಬಿಡುವುದಿಲ್ಲ.

"ಹಿಡ್ಕಂಡ್ಯಾ?" ಎಂದು ಕೇಳಿದಳು ಭೈರಮ್ಮ.

"ಹಿಡ್ಕಂಡೆ. ಎರಡೂ ಕೈಯಲ್ಲಿ. ಬಾ ಅಂದೆ. ಅವನು ಕಾಲಿಟ್ಟ. ಆಮೇಲೆ ಎಳೆದೆ."

"ಭಯ ಬಿದ್ದು ಎಳೆದ್ಯೇನವ್ವ?"

ಅಯ್ಯೋ ಶಿವನೇ, ವಕೀಲ ಸಂಜೆಯೆಲ್ಲ ಬಡಿದಾಡಿದ ಮಾತನ್ನು ಸತ್ತವನ ತಾಯಿಯೇ ಎತ್ತಿಕೊಟ್ಟಳು. ಹೂಂ ಅಂದಿದ್ದರೆ ಸಾಕಿತ್ತು.

"ಭಯ ಇರ್ಲಿಲ್ಲ ಕಣಮ್ಮ. ಸಿಟ್ಟು ಬಂದಿತ್ತು. ಕಾಯಿ ತುಳಿದ ಅಂತ."

ಭೈರಮ್ಮ ಅಲ್ಲೇ ಅಂಗಳದಲ್ಲಿ ಕೂತುಬಿಟ್ಟಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ನೆಲಕ್ಕೆ ಕೈಯೂರಿ, "ನಾಳೆ ನಿನ್ನ ಹೇಳಿಕೆ ಐತೆ ಅಂದ್ರು ಸ್ಟೇಷನ್ನಲ್ಲಿ. ಪೊಲೀಸ್ನೋರ ಮುಂದೂ ಇದನ್ನೇ ಹೇಳ್ತೀಯಾ?" ಎಂದಳು.

"ಇದನ್ನೇ ಹೇಳ್ತೀನಿ."

ಜ್ಞಾನೇಶ್ ಬ್ಯಾಗು ತೆಗೆದುಕೊಂಡು ಕಾರಿನ ಕಡೆ ನಡೆದ. ರೇಣುಕಪ್ರಸಾದ್ ಜಗಲಿ ಕಂಬ ಹಿಡಿದುಕೊಂಡು ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ.

"ನೀನು ಒಳಗೋದ್ರೆ ಇಂಪನಾಗೆ ನಾನೇನ್ ಹೇಳ್ಲೇ?" ಎಂದ.

"ನಿಮ್ಮಮ್ಮ ಏಣಿ ಹಿಡ್ಕಂಡು ಎಳೆದ್ಲು ಅಂತ ಹೇಳಿ" ಎಂದಳು ಮಂಗಳಾ. ಹಾಗೆಂದ ಮೇಲೆ ಅಂಗಳಕ್ಕಿಳಿದು ಭೈರಮ್ಮನ ಎದುರಿಗೆ ಕೂತಳು. ಅವತ್ತಿನಿಂದ ಬಾರದಿದ್ದ ಅಳು ಆಗ ಬಂತು.